ಭಂಡಾರ ಬಿದ್ದ ನೀರು

ಮಾವ ನೀರಿನ ಬಾಟಲಿ ಹಿಡಿದು ಬಂದದ್ದು ಸಂಜೆ ಎಂದು ನೆನಪು ಹೇಳುತ್ತದೆ. ನಂಬಲಾರೆ. ಉದಗೀರದ ನಮ್ಮ ಕಾಲೇಜಿನ ಪ್ರಯೋಗಶಾಲೆಗೆ ಸಂಜೆ ಬೀಗ ಬೀಳುತ್ತಿತ್ತು. ಅಂದು ನಾನು ಅಲ್ಲಿ ಕೆಲಸ ಮಾಡಿದ್ದಂತೂ ನಿಜ. ಹಾಗಾದರೆ ಬೆಳಿಗ್ಗೆಯೇ ಇರಬೇಕು. ಸಂಜೆಯ ಬೆಳಕನ್ನು ಆಮೇಲೆ ನಾನೇ ಹಚ್ಚಿದ್ದೇನೆ.

ಮಾವ ನನ್ನ ತಾಯಿಯ ತಮ್ಮ, ಕುರಿ ಕಾಯುವವನು. ಭೂಕಂಪದಲ್ಲಿ ಮನೆ ಬಿದ್ದ ಮೇಲೆ ಅವನೂ ಅತ್ತೆಯೂ ಹಿಂಡಿನ ಜೊತೆಗೇ ಇರುತ್ತಿದ್ದರು. ಆಗ ಉಮರ್ಗಾದ ಹತ್ತಿರ ಒಬ್ಬರ ಹೊಲದಲ್ಲಿ ಗೊಬ್ಬರಕ್ಕಾಗಿ ಸುತ್ತ ಬಲೆ ಕಟ್ಟಿ ಕುರಿ ತರುಬಿದ್ದರು. ಪಕ್ಕದ ತೊಗರಿಗೆ ಔಷಧ ಹೊಡೆದಿದ್ದರು. ಹೊಲದ ಬಾವಿಯ ನೀರು ಕುಡಿದ ಕೆಲವು ಕುರಿಗಳು ಜೊಲ್ಲು ಸುರಿಸಿ, ನಡುಗಿ ಸತ್ತವು. ಹಿಂಡಿಗೆ ಸಾಲುವ ಬೇರೆ ನೀರೆಂದರೆ ಮಾಕಣಿಯ ಡ್ಯಾಂ, ಇಡೀ ದಿನದ ನಡಿಗೆ. ಆಗತಾನೆ ಹುಟ್ಟಿದ ಮರಿಗಳು ಆ ದಾರಿಯಲ್ಲಿ ಉಳಿಯುವುದು ಕಷ್ಟ. ಬಾವಿ ಕೆಟ್ಟಿದೆಯೋ ಇಲ್ಲವೋ ನಾನು ಹೇಳಬೇಕಿತ್ತು. ಅಲ್ಲಿಯವರೆಗೆ ಅತ್ತೆ ರಸ್ತೆಬದಿಯ ಧಾಬಾದಿಂದ ಕೊಡ ಹೊತ್ತು ಹಾಲೂಡುವ ಕುರಿಗಳಿಗಷ್ಟೇ ಕುಡಿಸುತ್ತಿದ್ದಳು.

ನನ್ನ ಸಂಶೋಧನೆಯೂ ಅದೇ, ನೀರಿನಲ್ಲಿ ಕೀಟನಾಶಕ ಪತ್ತೆ ಮಾಡುವುದು. ಇಂಗಾಲದ ಪುಡಿಗೆ ಎಣ್ಣೆಯನ್ನೂ ಒಂದು ಬಗೆಯ ಜೇಡಿಮಣ್ಣನ್ನೂ ಕಲಸಿ, ಗಾಜಿನ ನಳಿಗೆಗೆ ತುಂಬಿ, ತುದಿಯನ್ನು ಕಾಗದದ ಮೇಲೆ ಉಜ್ಜಿ ನುಣುಪು ಮಾಡಿದರೆ ವಿದ್ಯುದ್ವಾರ ಸಿದ್ಧ. ನೀರಿಗೆ ಮೊದಲು ಕ್ಷಾರ ಹಾಕಿ ಕೀಟನಾಶಕವನ್ನು ಒಡೆಯಬೇಕು. ಆಮೇಲೆ ವಿದ್ಯುದ್ವಾರ ಮುಳುಗಿಸಿದರೆ, ವಿಷವಿದ್ದಲ್ಲಿ ಯಂತ್ರ ಎಳೆಯುವ ಗೆರೆ ಗೊತ್ತಾದ ಜಾಗದಲ್ಲಿ ಗುಡ್ಡದಂತೆ ಏಳುತ್ತದೆ.

ಕ್ಷಾರ ಹಾಕಿದೆ. ನೀರು ಆರತಿಯ ನೀರಿನಂತೆ ಕೆಂಪಗಾಯಿತು.

"ಮಾವ, ಇದರಾಗ ಏನ್ ಹಾಕೀರಿ?"

"ಏನೂ ಇಲ್ಲೋ ಅಳಿಯಾ. ಚಿಟಿಕಿ ಭಂಡಾರ. ನಮ್ಮ ದೇವ್ರು ಬೀರಪ್ಪನ ಕೇಳದ ನಿನ್ನ ಕೇಳಾಕ ಬರ್ತೀನೇನು?"

"ಭಂಡಾರದ ಅರಿಶಿಣಕ್ಕೂ ಗೆರಿ ಏಳ್ತದರಿ. ಹೆಚ್ಚುಕಡಿಮಿ ಅದೇ ಜಾಗಾದಾಗ."

"ಅಂದ್ರ ನಿನ್ನ ಕರೇ ಕಡ್ಡಿಗಿ ದೇವ್ರೂ ಒಂದ, ವಿಷಾನೂ ಒಂದ. ಚಲೋ ಕಲ್ತೀ."

ಭಂಡಾರ ಬೀಳದ ನೀರು ತರಲು, ನಿಲಂಗಾದಲ್ಲಿ ಬಸ್ಸು ಬದಲಿಸಿ ಅವನ ಜೊತೆ ನಾನೇ ಹೋದೆ. ಭಂಡಾರವಿಲ್ಲದೆ ನೀರು ಸೇದಲು ಅತ್ತೆ ಒಪ್ಪಲಿಲ್ಲ. ಕೊನೆಗೆ ನನ್ನ ಹಣೆಗೆ ಬಳಿದಳು.

"ನೀರಿಗಿ ಬ್ಯಾಡಂದ್ರ ಒಯ್ಯಾಂವಗ ಇರ್ಲಿ. ಈಗ ನೀನ ಸೇದು."

ಮರುದಿನ ಉದಗೀರದಲ್ಲಿ ಕ್ಷಾರ ಬಿದ್ದರೂ ಆ ನೀರು ತಿಳಿಯಾಗಿಯೇ ಇತ್ತು. ಗೆರೆ ಎದ್ದಿತು. ನಳಿಗೆಯ ತುದಿ ಉಜ್ಜಿ ಮತ್ತೆ ನೋಡಿದೆ. ಮತ್ತೆ ಎದ್ದಿತು.

ಸುದ್ದಿ ಹೇಳಲು ಹೊಲಕ್ಕೆ ಹೋದಾಗ ಅತ್ತೆ ಅಳಲಿಲ್ಲ. ಮೊದಲು ಹೊಲದವರ ಮನೆಗೆ ನಡೆದಳು. ಅವರ ಮಕ್ಕಳು ಕುಡಿಯುತ್ತಿದ್ದುದೂ ಆ ಬಾವಿಯ ನೀರನ್ನೇ. ಬಂದವಳು ಬಲೆ ಕಿತ್ತು, ತೀರಾ ಎಳೆಯ ಮರಿಗಳನ್ನು ಕಂಬಳಿಯಲ್ಲಿ ಕಟ್ಟಿ ಬೆನ್ನಿಗೆ ಹಾಕಿಕೊಂಡಳು. ಉಳಿದವು ನಡೆಯಬೇಕಿತ್ತು. ಬಾಯಾರಿದ ಕುರಿಗಳು ಬಾವಿಯ ಕಡೆಗೇ ತಿರುಗುತ್ತಿದ್ದವು. ಮಾವ ಕೋಲು ಅಡ್ಡ ಹಿಡಿದು ನಿಂತ. ಹೊಡೆಯಲಿಲ್ಲ.

ಮರಿಗಳೆಲ್ಲ ಮಾಕಣಿ ಮುಟ್ಟಿದವು ಎಂದು ಅವನು ಒಮ್ಮೆ ಹೇಳಿದ. ಇನ್ನೊಮ್ಮೆ ಕೇಳಿದಾಗ ಅತ್ತೆಯ ಮುಖ ನೋಡಿ, ಕೋಲು ಎತ್ತಿಕೊಂಡು ಹಿಂಡಿನ ಕಡೆ ನಡೆದ.