ಗಂಗಮ್ಮನ ಒಪ್ಪಿಗೆ

ಕೋವಿಡ್ ತಗ್ಗಿ ಆಸ್ಪತ್ರೆಗಳಲ್ಲಿ ಉಳಿದ ಕೆಲಸಗಳು ಮತ್ತೆ ಶುರುವಾಗಿದ್ದ ಕಾಲ. ಹುಟ್ಟುಕಿವುಡಿನ ಕುರಿತ ಒಂದು ಸಂಶೋಧನಾ ಯೋಜನೆಯಲ್ಲಿ ನಾನು ಮೆಡಿಕಲ್ ಸೋಶಿಯಲ್ ವರ್ಕರ್ ಆಗಿದ್ದೆ. ಹೊಸದುರ್ಗದಲ್ಲಿ ವಾಸ, ಸುತ್ತಲ ಹಳ್ಳಿಗಳಲ್ಲಿ ಓಡಾಟ. ಒಂದೇ ಮನೆತನದಲ್ಲಿ ಮತ್ತೆ ಮತ್ತೆ ಕಿವಿ ಕೇಳದವರು ಹುಟ್ಟುತ್ತಿದ್ದರೆ ಅವರ ರಕ್ತದ ಮಾದರಿ ಪಡೆದು, ಯಾವ ಜೀನ್‌ನಲ್ಲಿ ವ್ಯತ್ಯಾಸವಿದೆ ಎಂದು ಪತ್ತೆ ಮಾಡುವುದು ಯೋಜನೆಯ ಉದ್ದೇಶ. ರಕ್ತ ತೆಗೆಯುವ ಮೊದಲು ಅದು ಏತಕ್ಕೆಂದು ತಿಳಿಸಿ ಒಪ್ಪಿಗೆ ಪಡೆಯುವುದು ನನ್ನ ಕೆಲಸ.

ಮತ್ತೋಡು ಕಡೆಯ ಒಂದು ಕುರಿಗಾರರ ಮನೆ ನಮಗೆ ಬಹಳ ಮುಖ್ಯವಾಗಿತ್ತು. ಆ ಮನೆಯಲ್ಲಿ ಮೂರು ತಲೆಮಾರಿನಿಂದ ತಲೆಮಾರಿಗೊಬ್ಬರಂತೆ ಕಿವಿ ಕೇಳದವರು ಹುಟ್ಟಿದ್ದರು. ಅವರಲ್ಲಿ ಬದುಕಿ ಉಳಿದವಳು ಗಂಗಮ್ಮ ಒಬ್ಬಳೇ. ನಲವತ್ತರ ಆಸುಪಾಸಿನ ಗಟ್ಟಿ ಹೆಂಗಸು. ಶಾಲೆಯ ಮುಖ ಕಂಡವಳಲ್ಲ, ಸಂಜ್ಞಾಭಾಷೆಯನ್ನು ಯಾರೂ ಕಲಿಸಿರಲಿಲ್ಲ. ಮದುವೆಯಾಗಿರಲಿಲ್ಲ. ಮನೆಯ ಹಿಂಡು ನೋಡಿಕೊಳ್ಳುತ್ತಿದ್ದವಳು ಅವಳೇ.

ನಮ್ಮ ಮುಖ್ಯ ಸಂಶೋಧಕರಾದ ಡಾ. ಶ್ರೀಕಾಂತ್ ಆ ದಿನ ಬೆಂಗಳೂರಿನಿಂದ ಬಂದಿದ್ದರು. ಗಂಗಮ್ಮನ ಅಣ್ಣ ತಿಮ್ಮಪ್ಪ ಚಾಪೆ ಹಾಸಿ, "ಬರ್ರಿ, ಕುಂತ್ಕಳ್ರಿ" ಎಂದು ಎಲ್ಲರಿಗೂ ಎಳನೀರು ಕೊಟ್ಟ. ನಾನು ವಿಷಯ ತೆಗೆಯುತ್ತಿದ್ದಂತೆ ತಂಗಿಯ ಕೈ ಹಿಡಿದು ಮುಂದೆ ತಂದು ಕೂರಿಸಿದ.

"ಅದ್ಕೇನ್ ತಿಳಿತೈತೆ ಮೇಡಂ. ಅಣ್ಣ ನಾನಿದೀನಲ್ಲ, ಹೆಬ್ಬೆಟ್ಟು ಒತ್ತುಸ್ತೀನಿ, ತಗಳ್ರಿ ರಕ್ತ."

"ನಿಮ್ಮ ರಕ್ತಕ್ಕೆ ನೀವು ಹೂಂ ಅನ್ನಬಹುದು. ಗಂಗಮ್ಮನ ರಕ್ತಕ್ಕೆ ಗಂಗಮ್ಮನೇ ಅನ್ನಬೇಕು" ಎಂದೆ.

ತಿಮ್ಮಪ್ಪನಿಗೆ ಅದು ವಿಚಿತ್ರವಾಗಿ ಕಂಡಿತು. ಆದರೆ ಅವನ ಹೆಂಡತಿ ರತ್ನಮ್ಮ ಒಳಗಿನಿಂದ ಕೈ ಒರೆಸಿಕೊಳ್ಳುತ್ತ ಬಂದು ಗಂಗಮ್ಮನ ಎದುರು ಕುಳಿತಳು. ಅತ್ತಿಗೆ ನಾದಿನಿ ಇಬ್ಬರೂ ಒಂದೇ ಒಲೆಯ ಮುಂದೆ ವರ್ಷಗಟ್ಟಲೆ ಕಳೆದವರು. ಅವರದೇ ಒಂದು ಕೈಮಾತು ಬೆಳೆದಿತ್ತು. ನಾನು ಹೇಳಿದ್ದನ್ನು ರತ್ನಮ್ಮ ಕೈಯಲ್ಲಿ ಹೇಳತೊಡಗಿದಳು.

ಜೀನ್ ಎಂಬುದನ್ನು ಹೇಳುವುದು ಹೇಗೆ? ನಾನು ದೊಡ್ಡಿಯತ್ತ ತೋರಿಸಿದೆ. ಎರಡು ಬಿಳಿ ಕುರಿಗಳಿಗೆ ಒಮ್ಮೊಮ್ಮೆ ಕರಿ ಮರಿ ಹುಟ್ಟುತ್ತದೆ. ಆ ಕಪ್ಪು ತಂದೆ ತಾಯಿ ಇಬ್ಬರೊಳಗೂ ಕಾಣದ ಹಾಗೆ ಇರುತ್ತದೆ. ಕಿವುಡು ಕೂಡ ಹಾಗೇ ಬರಬಹುದು. ರತ್ನಮ್ಮ ಕೈಯಾಡಿಸುತ್ತಿದ್ದಂತೆ ಗಂಗಮ್ಮನ ಮುಖ ಬೆಳಗಿತು. ಅರ್ಥವಾಯಿತೆಂದು ತಲೆಯಾಡಿಸಿದಳು. ಮರುಕ್ಷಣವೇ ಹುಬ್ಬು ಗಂಟಿಕ್ಕಿದಳು. ಒಂದು ಕರಿ ಮರಿಯನ್ನು ತೋರಿಸಿ, ತನ್ನ ಎದೆ ಮುಟ್ಟಿಕೊಂಡು, ಏನನ್ನೋ ಎತ್ತಿ ಹಿಂಡಿನಾಚೆ ಬಿಡುವಂತೆ ಕೈ ಬೀಸಿದಳು. ರತ್ನಮ್ಮ ನನ್ನತ್ತ ತಿರುಗಿದಳು.

"ಏನಂತೆ?" ಎಂದೆ.

"ಬ್ಯಾಡಾದ ಮರಿನ ನಾವು ಸಂತಿಗೆ ಹೊಡೀತೀವಲ್ಲ ಮೇಡಂ... ನನ್ನಂಥೋರು ಹುಟ್ಟದಂಗೆ ಮಾಡಾಕೆ ಬಂದೀರಾ ಅಂತ ಕೇಳ್ತೈತೆ."

ಹಾಗೇನೂ ಇಲ್ಲ ಎಂದು ಒಂದೇ ಮಾತಿನಲ್ಲಿ ಮುಗಿಸಬಹುದಿತ್ತು. ಆದರೆ ಅದು ಪೂರ್ತಿ ನಿಜವಲ್ಲ. ಈ ಬಗೆಯ ಪರೀಕ್ಷೆಯನ್ನು ಅದಕ್ಕೂ ಬಳಸುವವರಿದ್ದಾರೆ ಎಂದೆ. ನಾವು ಬಂದಿರುವುದು ಬೇರೆ ಕಾರಣಕ್ಕೆ. ಮಗುವಿಗೆ ಕಿವಿ ಕೇಳುವುದಿಲ್ಲವೆಂದು ಎಳೆತನದಲ್ಲೇ ತಿಳಿದರೆ ಅದಕ್ಕೆ ಬೇಗ ಭಾಷೆ ಕಲಿಸಬಹುದು ಎಂದೂ ಹೇಳಿದೆ. ಗಂಗಮ್ಮ ನನ್ನ ಮುಖವನ್ನೇ ಬಹಳ ಹೊತ್ತು ನೋಡಿದಳು. ಆಮೇಲೆ ಮೊಣಕೈ ಮೇಲಕ್ಕೆ ಏರಿಸಿದ್ದ ರವಿಕೆ ತೋಳನ್ನು ಕೆಳಗೆಳೆದುಕೊಂಡು, ಎದ್ದು ಕುರಿಗಳ ಬಳಿ ಹೋದಳು.

ಡಾಕ್ಟರು ನನ್ನನ್ನು ಜೀಪಿನ ಬಳಿ ಕರೆದರು. "ಇಷ್ಟು ದೂರ ಬಂದಿದ್ದೇ ಈ ಮನೆಗೆ. ಅಣ್ಣ ಒಪ್ಪಿದಾನಲ್ಲ, ಇನ್ನೊಂದು ಸಲ ಹೇಳಿಸಿ."

"ಅವರು ಅರ್ಥ ಮಾಡಿಕೊಂಡು ಬೇಡ ಅಂದಿದ್ದಾರೆ ಸರ್. ಇನ್ನು ಒತ್ತಾಯ ಮಾಡಿದರೆ ಅದು ಒಪ್ಪಿಗೆ ಆಗಲ್ಲ."

ಅವರು ಜೀಪು ಹತ್ತಿ ಬಾಗಿಲು ಎಳೆದುಕೊಂಡರು. ನನ್ನದು ಗುತ್ತಿಗೆ ನೌಕರಿ. ಮುಂದಿನ ವರ್ಷಕ್ಕೆ ನನ್ನನ್ನು ಮುಂದುವರಿಸಬೇಕೇ ಬೇಡವೇ ಎಂಬುದು ಅವರ ಕೈಯಲ್ಲಿತ್ತು. ಆದರೂ ನಾನು ಹೊರಡುವ ಮುನ್ನ ರತ್ನಮ್ಮನಿಗೆ ಒಂದು ಮಾತು ಹೇಳಿ ಬಂದಿದ್ದೆ. ಅವಳ ಮಗಳು ಪವಿತ್ರ ಹೆರಿಗೆಗೆಂದು ತವರಿಗೆ ಬಂದಿದ್ದಳು. ನೀವು ರಕ್ತ ಕೊಡಿ, ಬಿಡಿ, ಮಗು ಹುಟ್ಟಿದ ಮೇಲೆ ಕಿವಿಯ ಪರೀಕ್ಷೆ ಮಾತ್ರ ಮಾಡಿಸಿ ಎಂದು ನನ್ನ ನಂಬರ್ ಕೊಟ್ಟಿದ್ದೆ.

ಸಂಶೋಧನೆಯಲ್ಲಿ ಭಾಗವಹಿಸುವವರ ಹಿತ ಕಾಯಲು ಎಥಿಕ್ಸ್ ಕಮಿಟಿ ಎಂಬುದೊಂದು ಇರುತ್ತದೆ. ಮುಂದಿನ ಸಭೆಯಲ್ಲಿ ಮಾದರಿ ಏಕೆ ಬರಲಿಲ್ಲವೆಂದು ಕೇಳಿದರು. ನಡೆದದ್ದನ್ನು ನಡೆದಂತೆ ಹೇಳಿದೆ. ಗಂಗಮ್ಮನ ಪ್ರಶ್ನೆಯನ್ನು ಅವಳು ಕೈಬೀಸಿದ ಹಾಗೆಯೇ ತೋರಿಸಿದೆ. ಸಭೆ ನನ್ನ ಪರ ನಿಂತಿತು. ಕಿವಿ ಕೇಳದವರಿಗೆಲ್ಲ ಚಿತ್ರಗಳ ಮೂಲಕ, ಅವರ ಕೈಮಾತು ಬಲ್ಲವರ ಮೂಲಕ ತಿಳಿಸದೆ ಒಪ್ಪಿಗೆ ಪಡೆಯಕೂಡದು ಎಂದು ಯೋಜನೆಯ ನಿಯಮವನ್ನೇ ತಿದ್ದಿಸಿತು. ಆ ಚಿತ್ರಗಳನ್ನು ಬರೆಸುವ ಹೊಣೆ ಡಾ. ಶ್ರೀಕಾಂತ್ ನನಗೇ ಕೊಟ್ಟರು. ಗುತ್ತಿಗೆಯೂ ಮುಂದುವರಿಯಿತು.

ಕೆಲವು ತಿಂಗಳ ಮೇಲೆ ರತ್ನಮ್ಮನ ಫೋನ್ ಬಂತು. "ಮೇಡಂ, ಹೆಣ್ಣುಕೂಸು. ಹಿಂದೆ ತಟ್ಟೆ ಬಡಿದ್ರೂ ತಿರುಗಲ್ಲ. ಗಂಗಮ್ಮನೇ ಕಂಡುಹಿಡಿದೈತೆ. ಕೂಸು ಎತ್ಕಂಡು ಆಸ್ಪತ್ರಿಗೆ ಹೋಗಾಣ ಅಂತ ನಿಂತೈತೆ."

ಚಿತ್ರದುರ್ಗದಲ್ಲಿ ಪರೀಕ್ಷೆ ಮಾಡಿಸಿದೆವು. ಮಲಗಿದ್ದ ಮಗುವಿನ ತಲೆಗೆ ತಂತಿ ಅಂಟಿಸಿ, ಶಬ್ದಕ್ಕೆ ಮಿದುಳಿನವರೆಗೆ ಸ್ಪಂದನೆ ಇದೆಯೇ ಎಂದು ನೋಡುವ ಬೆರಾ ಪರೀಕ್ಷೆ ಅದು. ಎರಡೂ ಕಿವಿ ಕೇಳುತ್ತಿರಲಿಲ್ಲ. ಪವಿತ್ರ ಅತ್ತಳು. ಗಂಗಮ್ಮ ಅಳಲಿಲ್ಲ. ನನ್ನತ್ತ ತಿರುಗಿ, ಮಗುವಿನ ಕಿವಿ ಮುಟ್ಟಿದಳು, ಆಮೇಲೆ ಅದರ ಎರಡೂ ಅಂಗೈ ಮುಟ್ಟಿದಳು.

"ಕಿವಿಗೆ ಮಿಷನ್ನೂ ಬೇಕಂತೆ, ಕೈಮಾತು ಕಲ್ಸೋರೂ ಬೇಕಂತೆ" ಎಂದಳು ರತ್ನಮ್ಮ. "ಕೊಡುಸ್ತೀರಾ ಅಂತ ಕೇಳ್ತೈತೆ."

ಕೊಡಿಸುತ್ತೇವೆ, ನೀವು ರಕ್ತ ಕೊಡದಿದ್ದರೂ ಕೊಡಿಸುತ್ತೇವೆ ಎಂದು ಎರಡೆರಡು ಸಲ ಹೇಳಿದೆ. ರತ್ನಮ್ಮ ತಿಳಿಸಿದಳು. ಗಂಗಮ್ಮ ಸ್ವಲ್ಪ ಯೋಚಿಸಿ, ತಾನೇ ತೋಳು ಏರಿಸಿ ಕೈ ಮುಂದೆ ಚಾಚಿದಳು.

ಮಗುವಿಗೆ ಶ್ರವಣ ಸಾಧನ ಬಂತು. ಹಿರಿಯೂರಿನಿಂದ ಸಂಜ್ಞಾಭಾಷೆಯ ಶಿಕ್ಷಕಿಯೊಬ್ಬರು ವಾರಕ್ಕೊಮ್ಮೆ ಬಸ್ಸಿನಲ್ಲಿ ಬರತೊಡಗಿದರು. ಅವರಿಗೂ ಕಿವಿ ಕೇಳದು. ಮಗುವಿಗಿಂತ ಮುಂಚೆ ಕಲಿತವಳು ಗಂಗಮ್ಮ. ತನ್ನ ಹೆಸರನ್ನು ಕೈಯಲ್ಲಿ ಹೇಳಬಹುದೆಂದು ತಿಳಿದ ದಿನ ಮನೆಯವರನ್ನೆಲ್ಲ ಒಬ್ಬೊಬ್ಬರನ್ನಾಗಿ ನಿಲ್ಲಿಸಿ ತೋರಿಸಿದಳಂತೆ. "ನನ್ ಹೆಸರೂ ಕಲ್ಸೈತೆ ನೋಡ್ರಿ" ಎಂದು ತಿಮ್ಮಪ್ಪ ನನ್ನೆದುರು ಬೆರಳು ಮಡಚಿ ಅಭ್ಯಾಸ ಮಾಡಿದ.

ನಾವು ಸಿದ್ಧಪಡಿಸಿದ ಚಿತ್ರಗಳನ್ನು ಯೋಜನೆಯ ಬೇರೆ ಊರುಗಳಲ್ಲೂ ಈಗ ಬಳಸುತ್ತಾರೆ. ಹೊಸದಾಗಿ ಸೇರಿದವರಿಗೆ ತರಬೇತಿ ಕೊಡಲು ನನ್ನನ್ನು ಕರೆಯುತ್ತಾರೆ. ಈ ವೃತ್ತಿಯಲ್ಲಿ ನಾನು ಮಾಡಿದ ಒಳ್ಳೆಯ ಕೆಲಸ ಯಾವುದೆಂದು ಯಾರಾದರೂ ಕೇಳಿದರೆ, ಗಂಗಮ್ಮ ಬೇಡವೆಂದ ದಿನ ಅವಳ ಮಾತಿನ ಪರ ನಿಂತದ್ದು ಎಂದು ಹೇಳುತ್ತೇನೆ. ಅಂದು ಅವಳ ಬೇಡವನ್ನು ನಾವು ಕೇಳಿಸಿಕೊಂಡೆವು, ಆದ್ದರಿಂದಲೇ ಮುಂದೆ ಅವಳು ಹೂಂ ಎಂದಾಗ ಆ ಹೂಂ ಅವಳದೇ ಎಂದು ನನಗೆ ಧೈರ್ಯವಾಗಿ ಹೇಳಲು ಸಾಧ್ಯವಾಯಿತು.