ಅಂಕಲ್ ಕೂಗಿದ ‘ಸರೀ’

ಮಾರ್ಚ್ ಬಂತೆಂದರೆ ನಮ್ಮ ಪಕ್ಕದ ಮನೆಯ ಅಂಕಲ್ ಮುಖಕ್ಕೆ ಎರಡು ಬಣ್ಣ. ಸ್ಕೀ ಕನ್ನಡಕ ಕೂತ ಜಾಗ ಗೋಧಿ, ಉಳಿದದ್ದೆಲ್ಲ ಸುಟ್ಟ ರೊಟ್ಟಿ. ಹಿಮದ ಮೇಲೆ ಜಾರುವ ಹುಚ್ಚು ಅಷ್ಟಿತ್ತು, ಆ ಹುಚ್ಚಿನಲ್ಲೇ ಸ್ಟೈಲ್ ಹೊಡೆಯಲು ಹೋಗಿ, ಹಗ್ಗ ದಾಟಿ, ಹಿಮನದಿಯ ಬಿರುಕಿಗೆ ಬಿದ್ದು ಸತ್ತರು ಎಂದು ಮಿಷಿಗನ್ನಿನ ನಮ್ಮೂರು ನೋವೈನಲ್ಲಿ ಎಲ್ಲರೂ ಹೇಳುತ್ತಾರೆ. ದೇವಸ್ಥಾನದ ಊಟದ ಸಾಲಿನಲ್ಲೂ ಇದೇ ಮಾತು. ನಾನು ಒಪ್ಪುವುದಿಲ್ಲ. ಹೀಗೆ ಹೇಳುವವರು ಯಾರೂ ಅಲ್ಲಿರಲಿಲ್ಲ. ನಾನಿದ್ದೆ.

ಅಂಕಲ್ ಧಾರವಾಡದವರು, ಕಾರಿನ ಬ್ರೇಕ್ ವಿನ್ಯಾಸ ಮಾಡುವ ಎಂಜಿನಿಯರ್. ನನಗೆ ಸ್ಕೀ ಕಲಿಸಿದವರು. ಮೊದಲ ದಿನವೆಲ್ಲ ಬರೀ ನಿಲ್ಲುವ ಪಾಠ.

“ನಿಲ್ಲಾಕ ಬರದಾಂವ ಓಡಬಾರ್ದು, ವಕೀಲವ್ವ.”

“ಓಡದೆ ನಿಲ್ಲೋದು ಹೇಗೆ ಅಂಕಲ್? ನಿಂತೇ ಇದೀನಲ್ಲ!”

“ಈ ವಾದಕ್ಕ ಯಾವ ಕೋರ್ಟಿನಾಗೂ ನಿನಗ ಫೀ ಕೊಡಂಗಿಲ್ಲ.”

ಆಚೆ ಅಪಾಯವೆಂದು ಇಳಿಜಾರಿನಂಚಿಗೆ ಕಟ್ಟಿದ ಹಗ್ಗದ ಹತ್ತಿರ ಹೋದರೆ ಮಾತ್ರ ಅವರ ನಗು ನಿಲ್ಲುತ್ತಿತ್ತು. “ಹಗ್ಗಾ ಕಟ್ಟಿದಾಂವ ಹುಚ್ಚ ಅಲ್ಲ,” ಎನ್ನುತ್ತಿದ್ದರು. ಸ್ಟೈಲ್ ಹೊಡೆಯುವವರ ಮಾತೇ ಇದು?

ಇನ್ನು ಅವರ ‘ಸರೀ’. ಗುಡ್ಡದ ಮೇಲಿಂದ ಬರುತ್ತ “ಸರೀ! ಸರೀ!” ಎಂದು ಕೂಗುತ್ತಿದ್ದರು, ಪಕ್ಕಕ್ಕೆ ಸರಿ ಎಂಬರ್ಥದಲ್ಲಿ. ಅಮೆರಿಕದವರು ಅದನ್ನು ‘ಸಾರಿ’ ಎಂದುಕೊಂಡು “ನೋ ಪ್ರಾಬ್ಲೆಮ್” ಅನ್ನುತ್ತ ಅಲ್ಲೇ ನಿಲ್ಲುತ್ತಿದ್ದರು. ಮೈಸೂರಿನ ನಮ್ಮ ಮನೆಯಲ್ಲಿ ಸರಿ ಅಂದರೆ ಆಗಲಿ, ಒಪ್ಪಿದೆ. ಮೊದಲ ಚಳಿಗಾಲ ಅಂಕಲ್ ಡ್ರೈವ್‌ವೇಯಲ್ಲಿ ಸ್ನೋಬ್ಲೋವರ್ ಓಡಿಸುತ್ತ “ಸರೀ ದೋಸ್ತ!” ಎಂದಾಗ, ಅಪ್ಪ “ಏನು ಸರಿ?” ಎಂದು ಕೇಳುತ್ತ ನಿಂತು, ಯಂತ್ರ ಉಗುಳಿದ ಹಿಮವನ್ನೆಲ್ಲ ಮೈಮೇಲೆ ಹಾಕಿಕೊಂಡಿದ್ದರು. ಆಮೇಲೆ ಆ ಶಬ್ದ ಕಿವಿಗೆ ಬಿದ್ದರೆ ಸಾಕು, ಅಪ್ಪ ಕಪ್ಪೆಯಂತೆ ಪಕ್ಕಕ್ಕೆ ಜಿಗಿಯುತ್ತಿದ್ದರು. ಅಂಕಲ್ ಬೇಕೆಂದೇ ಕೂಗಿ ಜಿಗಿಸುತ್ತಿದ್ದರು.

“ಮಿಷಿಗನ್ ಗುಡ್ಡ ಅಂದ್ರ ಏನು, ಒಂದು ಸೀನು ಬರೂದ್ರಾಗ ಮುಗೀತದ,” ಎಂದು ಕಳೆದ ವಸಂತದ ರಜೆಗೆ ಎರಡೂ ಮನೆಯವರನ್ನು ಆಲ್ಪ್ಸ್‌ಗೆ ಹೊರಡಿಸಿದರು. ಅಂಕಲ್ ಹೆಂಡತಿ, ಆಂಟಿ ಮಾತ್ರ ಮೊಣಕಾಲು ನೋವೆಂದು ಮನೆಯಲ್ಲೇ ಉಳಿದರು. ಅಷ್ಟೆತ್ತರದ ಹಿಮನದಿಯ ಮೇಲೆ ಬೂಟು ಬಿಗಿದುಕೊಳ್ಳುವುದಕ್ಕೂ ಏದುಸಿರು. ಅಂಥ ಬಿಳುಪನ್ನು ನಾನು ಕಂಡಿರಲಿಲ್ಲ. ಅಪ್ಪನಿಗೆ ಫೋಟೋ ಬೇಕಿತ್ತು. ಹಗ್ಗದ ಕೆಳಗೆ ನುಸುಳಿ ಆಚೆ ನಿಂತರು. ನಾನು ತಂತಿಗೆ ನೇತಾಡುವ ಲಿಫ್ಟಿನ ಕುರ್ಚಿಯಲ್ಲಿ ಅವರ ತಲೆಯ ಮೇಲೆಯೇ ಸಾಗುತ್ತಿದ್ದೆ. ಅಂಕಲ್ ಇಳಿಜಾರಿನ ಮೇಲಿದ್ದರು.

“ಸರೀ! ಏ ದೋಸ್ತ, ಸರೀ!”

ಅಪ್ಪ ತಿರುಗಿ ನೋಡಿದರು. ಜಿಗಿಯಲಿಲ್ಲ, ಹೆಬ್ಬೆರಳೆತ್ತಿ ತೋರಿಸಿದರು.

ಬ್ರೇಕಿನ ಮನುಷ್ಯ ಅವತ್ತು ಬ್ರೇಕ್ ಹಾಕಲಿಲ್ಲ. ನೇರ ಬಂದು, ಹಗ್ಗ ದಾಟಿ, ಭುಜದಿಂದ ಅಪ್ಪನನ್ನು ಗುದ್ದಿದರು. ಅಪ್ಪ ಉರುಳಿ ಹಗ್ಗದ ಈಚೆ ಬಿದ್ದರು. ಅಂಕಲ್ ಇದ್ದ ಕಡೆ ಹಿಮದಲ್ಲಿ ಒಂದು ನೀಲಿ ತೂತು. ಸದ್ದೇ ಇಲ್ಲ. ನನ್ನ ಕುರ್ಚಿ ಏನೂ ಆಗದಂತೆ ಮೇಲಕ್ಕೆ ಹೋಗುತ್ತಲೇ ಇತ್ತು. ನಾನು ಕಿರುಚಿದೆನೋ ಇಲ್ಲವೋ, ಇವತ್ತಿಗೂ ಗೊತ್ತಿಲ್ಲ.

ನೋವೈಗೆ ಮರಳಿದ ಮೇಲೆ ಅಪ್ಪ ಆಂಟಿಗೆ ಹೇಳಿದ್ದು ಇಷ್ಟು: “ಫೋಟೋಗೆ ಬರ್ತೀಯಾ ಅಂದೆ, ಸರಿ ಸರಿ ಅಂದ, ಬಂದ.”

ನಾನು ಅಲ್ಲೇ ತಡೆದು, ಕಂಡದ್ದನ್ನು ಹೇಳಿದೆ. ಅಪ್ಪ ನನ್ನ ತಲೆ ಸವರಿದರು. “ದೂರದಿಂದ, ಗಾಬರೀಲಿ, ನಿಂಗೆ ಹಾಗೆ ಕಂಡಿರತ್ತೆ ಪುಟ್ಟಿ.” ಕೂತವರೆಲ್ಲ ತಲೆಯಾಡಿಸಿದರು. ಎಷ್ಟೋ ಡಿಬೇಟ್ ಗೆದ್ದವಳು ಆ ಸೋಫಾದ ಮೇಲೆ ಸೋತೆ.

“ಮಂದಿಗೆಲ್ಲಾ ಹಗ್ಗಾ ದಾಟಬ್ಯಾಡ ಅಂತಿದ್ರು, ತಾವ ದಾಟಿದ್ರಲ್ಲವಾ,” ಎಂದರು ಆಂಟಿ. “ಒಂದು ಫೋಟೋದ ಸಲುವಾಗಿ! ನನ್ನ ನೆಪ್ಪರ ಬರಲಿಲ್ಲೇನು ಅವರಿಗೆ?” ಅಂಕಲ್ ಪಟಕ್ಕೆ ಅವರು ಇನ್ನೂ ಒಂದು ಹೂವಿಟ್ಟಿಲ್ಲ.

ನನಗೆ ನಿಲ್ಲುವುದನ್ನು ಕಲಿಸಿದವರು ಅಂಕಲ್. ಅದಕ್ಕೇ ಈ ಮಾತಿನ ಮೇಲೆ ನಿಂತಿದ್ದೇನೆ.

ಮೊನ್ನೆ ಈ ವರ್ಷದ ಮೊದಲ ಹಿಮ ಬಿತ್ತು. ಅಪ್ಪ ನಮ್ಮ ಡ್ರೈವ್‌ವೇ ಬಿಟ್ಟು ಮೊದಲು ಆಂಟಿಯದ್ದನ್ನು ಬಾಚುತ್ತಿದ್ದರು. ನಾನು ಹೋಗಿ ಎದುರಿಗೆ ನಿಂತೆ.

“ಅಪ್ಪ, ಆ ಮೊದಲನೇ ಸಲ ಬಿಟ್ರೆ, ಅಂಕಲ್ ‘ಸರೀ’ ಅಂದಾಗ ನೀನು ಯಾವತ್ತಾದ್ರೂ ಸರೀದೆ ನಿಂತಿದ್ಯಾ? ಮತ್ತೆ ಅವತ್ತು ಮಾತ್ರ ಅದು ‘ಒಪ್ಪಿದೆ’ ಅಂತ ಹೇಗಾಯ್ತು?”