ಅಜ್ಜನ ಗಾದಿ ಹಿಂಜಿದ್ದು

ಕೆರೂರಿನ ಸಂತೆ ಮುಗಿಸಿಕೊಂಡು ಬರುವಾಗ ಗಾದಿ ಅಂಗಡಿಯೊಂದರ ಮುಂದೆ ಸೀನು ಬಂತು. ಒಳಗೆ ಮಶೀನು ಹಳೆಯ ಅರಳೆ ಹಿಂಜುತ್ತಿತ್ತು. ಹಳೆಯ ಅರಳೆಗೆ ಅದರದೇ ವಾಸನೆ ಇರುತ್ತದೆ. ಧೂಳು, ಬಿಸಿಲು, ತಲೆಗೆ ಹಚ್ಚಿದ ಎಣ್ಣೆ, ಕೂಸುಗಳ ಉಚ್ಚೆ... ಒಂದು ಮನೆಯ ಎಷ್ಟೋ ವರ್ಷಗಳ ನಿದ್ದೆ. ಕಾಯಿಪಲ್ಲೆಯ ಚೀಲ ಹಿಡಿದು ಅಲ್ಲೇ ನಿಂತುಬಿಟ್ಟೆ. ಅಂಗಡಿಯವನು ಏನು ಬೇಕೆಂದು ಕೇಳಿದ. ಏನೂ ಬೇಕಿರಲಿಲ್ಲ, ಅಜ್ಜ ನೆನಪಾಗಿದ್ದ.

ಅಜ್ಜ, ನನ್ನ ಅಪ್ಪನ ಅಪ್ಪ, ಇಳಕಲ್ಲಿನಲ್ಲಿ ಗಾದಿ ಹಿಂಜುವವನಾಗಿದ್ದ. ಆಳುದ್ದದ ಬಿಲ್ಲನ್ನು ಸೈಕಲ್ಲಿಗೆ ಕಟ್ಟಿಕೊಂಡು ಹುನಗುಂದದವರೆಗೂ ಹೋಗುತ್ತಿದ್ದ. ಯಾರದೋ ಅಂಗಳದಲ್ಲಿ ಕೂತು, ಗಾದಿ ಬಿಚ್ಚಿ, ಗಂಟುಗಟ್ಟಿದ ಅರಳೆಯನ್ನು ಬಿಲ್ಲಿನ ಹೆದೆಗೆ ಕೊಟ್ಟು ಬಡಿಯುತ್ತಿದ್ದ. ಬೆಳಗ್ಗೆ ಒಂದು ಬುಟ್ಟಿಯಷ್ಟಿದ್ದ ಅರಳೆ ಸಂಜೆಗೆ ಕೋಣೆ ತುಂಬುತ್ತಿತ್ತು. ಆ ಬಿಲ್ಲಿನಿಂದಲೇ ಏಳು ಮಕ್ಕಳನ್ನು ಸಾಕಿದ. ಮನೆಗೆ ಬಂದರೆ ಹೊರಗೇ ನಿಂತು ಅಂಗಿ ಝಾಡಿಸಿ, ಹುಬ್ಬಿನಲ್ಲಿ ಸಿಕ್ಕಿದ ಅರಳೆ ತೆಗೆದು, ಬೇವಿನ ಮರದ ಹತ್ತಿರ ಹೋಗಿ ಕೆಮ್ಮಿ ಬರುತ್ತಿದ್ದ. ಮಕ್ಕಳಿರುವ ಮನೆಯೊಳಗೆ ಕೆಮ್ಮಬಾರದು ಎಂಬುದು ಅವನದೇ ಕಾನೂನು.

ಇನ್ನೊಂದು ಕಾನೂನೂ ಇತ್ತು. ಮನೆಯ ಕೊನೆಯ ಮನುಷ್ಯ ಬರುವವರೆಗೆ ಅವನು ರೊಟ್ಟಿ ಮುರಿಯುತ್ತಿರಲಿಲ್ಲ. ನಾನು ಕಾಲೇಜಿಗೆ ಹೋಗುವಾಗ ಬಸ್ಸು ತಪ್ಪಿಸಿಕೊಂಡರೆ ಎಲ್ಲರ ಹೊಟ್ಟೆಯೂ ನನ್ನನ್ನು ಶಪಿಸುತ್ತಿತ್ತು. ಮನೆಯಲ್ಲಿ ಕೂಸು ಹುಟ್ಟಿದರೆ ತಲೆ ದುಂಡಗಾಗಲೆಂದು ಸಾಸಿವೆ ತುಂಬಿದ ಪುಟ್ಟ ದಿಂಬನ್ನು ತನ್ನ ಕೈಯಾರೆ ಹೊಲಿಯುತ್ತಿದ್ದ. ನಮ್ಮ ಮನೆಯ ಎಲ್ಲ ತಲೆಗಳೂ ಅವನ ದಿಂಬಿನ ಮೇಲೇ ಆಕಾರ ಪಡೆದವು. ಒಳಗಿನ ಬುದ್ಧಿಗೆ ಮಾತ್ರ ಅವನು ಜವಾಬ್ದಾರನಲ್ಲ.

ಊರಿನವರ ಗಾದಿಗಳನ್ನೆಲ್ಲ ಹಿಂಜಿದ ಅಜ್ಜ ತನ್ನ ಗಾದಿಯನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಅದು ಇಬ್ಬರು ಮಲಗುವಂಥ ದೊಡ್ಡ ಗಾದಿ. ಆಯಿ, ಅಂದರೆ ನಮ್ಮ ಅಜ್ಜಿ, ತೀರಿಕೊಂಡು ಎಷ್ಟೋ ವರ್ಷಗಳಾಗಿದ್ದರೂ ಅವನು ಗೋಡೆಯ ಕಡೆಗೇ ಸರಿದು ಮಲಗುತ್ತಿದ್ದ. ಮೊಮ್ಮಕ್ಕಳು ಇನ್ನೊಂದು ಬದಿಗೆ ಉರುಳಿದರೆ ಎಬ್ಬಿಸಿ ಕಳಿಸುತ್ತಿದ್ದ. ಊರಿಗೆಲ್ಲ ಮೆತ್ತನ್ನ ಗಾದಿ, ನಿನಗೆ ಮಾತ್ರ ಹಲಗೆ ಎಂದು ನಾವು ಛೇಡಿಸಿದರೆ ನಗುತ್ತಿದ್ದ.

ಒಂದು ಚಳಿಗಾಲ ಅವನ ಎದೆ ಪೂರ್ತಿ ಸೋತಿತು. ಬಾಗಲಕೋಟೆಯ ದವಾಖಾನೆಗೆ ಸೇರಿಸಿದರು. ನಾನಾಗ ಲಗ್ನವಾಗಿ ಕೆರೂರಿನಲ್ಲಿದ್ದೆ. ಅಜ್ಜ ಮನೆಗೆ ಬರುತ್ತಾನೆ ಎಂದು ತಿಳಿದಾಗ ಇಳಕಲ್ಲಿಗೆ ಹೋದೆ. ಆ ಗಂಟು ಗಂಟಾದ ಗಾದಿಯ ಮೇಲೆ ಅವನು ಹೇಗೆ ಮಲಗಬೇಕು ಎಂದು ಸಂಕಟವಾಯಿತು. ಅತ್ತೆ, ಅಜ್ಜನ ಕಿರಿಯ ಮಗಳು, ಅವನನ್ನು ಕೇಳದೆ ಬೇಡ ಎಂದಳು. ನಾನು ಯಾವಾಗ ಯಾರ ಮಾತು ಕೇಳಿದ್ದೇನೆ? ಚಿಕ್ಕಂದಿನಲ್ಲಿ ಅಜ್ಜ ನನಗೆ ಬಿಲ್ಲು ಹಿಡಿಯುವುದನ್ನು ಕಲಿಸಿದ್ದ. ಅಟ್ಟದ ಮೇಲಿನಿಂದ ಅದನ್ನು ಇಳಿಸಿದೆ. ಗಾದಿ ಬಿಚ್ಚಿ, ಅರಳೆ ಬಿಸಿಲಿಗೆ ಹಾಕಿ, ಎರಡು ದಿನ ಹಿಂಜಿದೆ. ಹೊಸ ಬಟ್ಟೆಯಲ್ಲಿ ತುಂಬಿ ಸಾಲಾಗಿ ಹೊಲಿದೆ. ಅಂಗೈ ಬೊಬ್ಬೆ ಎದ್ದಿತ್ತು. ಅಷ್ಟು ಖುಷಿಯಿಂದ ನಾನು ಯಾವ ಕೆಲಸವನ್ನೂ ಮಾಡಿರಲಿಲ್ಲ.

ಅಜ್ಜ ಬಂದ. ಗಾದಿಯ ಅಂಚಿನಲ್ಲಿ ಕೂತ. ಅಂಗೈಯನ್ನು ನಿಧಾನವಾಗಿ ಆಯಿಯ ಬದಿಗೆ ಸರಿಸಿ, ಅಲ್ಲಿ ಏನೋ ಹುಡುಕುವವನ ಹಾಗೆ ಆಡಿಸಿದ. ಹೊಲಿಗೆ ನೋಡುತ್ತಿದ್ದಾನೆ ಎಂದುಕೊಂಡೆ.

"ಭಾಳ ಚಲೋ ಹಿಂಜೀದಿ," ಅಂದ. "ಒಂದ ಗಂಟಿಲ್ಲ ನೋಡು."

ಆಮೇಲೆ ನನ್ನ ತಲೆಯ ಮೇಲೆ ಕೈ ಇಟ್ಟ. ಆ ಕೈ ಸ್ವಲ್ಪ ಹೊತ್ತು ಅಲ್ಲೇ ಇತ್ತು... ನಾನು ಉಬ್ಬಿಹೋದೆ.

ಮರುದಿನ ನಾನು ಕೆರೂರಿಗೆ ಮರಳಿದೆ. ಅಂದಿನಿಂದ ಅವನು ನೆಲದ ಮೇಲೆ ಚಾಪೆ ಹಾಸಿಕೊಂಡು ಮಲಗತೊಡಗಿದ. ಗಾದಿ ಮೆತ್ತಗಾಗಿ ಬೆನ್ನು ನೋಯುತ್ತದೆ ಎಂದನಂತೆ. ಫೋನಿನಲ್ಲಿ ಸುದ್ದಿ ಕೇಳಿ ನಾನು ನಕ್ಕಿದ್ದೆ. ಮಳೆಗಾಲ ಶುರುವಾಗುವ ಹೊತ್ತಿಗೆ ಅದೇ ಚಾಪೆಯ ಮೇಲೆ ಹೋಗಿಬಿಟ್ಟ.

ಮೂರನೆಯ ದಿನ ಅವನ ಹಾಸಿಗೆ ಬಟ್ಟೆಗಳನ್ನು ಬಡವರಿಗೆ ಕೊಡುವ ಮಾತು ಬಂತು. ಗಾದಿ ಇನ್ನೂ ಹೊಸದರಂತಿದೆ, ಹಾಗೇ ಕೊಡಬಹುದು ಎಂದೆ. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡಳು.

"ನಿಮ್ಮ ಆಯಿ ಮಲಗತಿದ್ದ ಕಡೆ ಅದ್ರಾಗ ಒಂದು ತಗ್ಗು ಬಿದ್ದಿತ್ತು," ಎಂದಳು. "ಅಪ್ಪ ಆ ತಗ್ಗಿನ್ಯಾಗ ಕೈ ಇಟ್ಟು ಮಲಗಾಂವ. ಅದಕ್ಕ ಹಿಂಜಿರಲಿಲ್ಲ. ನನಗೂ ಆಮ್ಯಾಲೆ ಹೇಳಿದ. ಹುಡುಗಿ ಪ್ರೀತೀಲೆ ಮಾಡ್ಯಾಳ, ಆಕಿಗೆ ಹೇಳಬ್ಯಾಡ ಅಂದಿದ್ದ."

ಹೇಳಬೇಡ ಎಂದಿದ್ದನ್ನು ಹೇಳಿದ್ದಕ್ಕೆ ಅತ್ತೆಯ ಮೇಲೆ ತಿಂಗಳುಗಟ್ಟಲೆ ಸಿಟ್ಟಿತ್ತು. ಆ ಸಿಟ್ಟು ಯಾರ ಮೇಲಿನದು ಎಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಜೀವನವಿಡೀ ಮನೆಯವರಿಗಾಗಿ ದುಡಿದ ಮನುಷ್ಯ ತನಗೆಂದು ಇಟ್ಟುಕೊಂಡಿದ್ದು ಅದೊಂದೇ. ಅದನ್ನು ಅವನೇ ಕಲಿಸಿದ ಕೈಯಿಂದ ಬಡಿದು ತೆಗೆದೆ. ಅವನು ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು...

ಗಾದಿಯನ್ನು ಯಾರಿಗೂ ಕೊಡಲು ಬಿಡಲಿಲ್ಲ, ಕೆರೂರಿಗೆ ತಂದುಕೊಂಡೆ. ತಂದ ದಿನ ಬಾಗಿಲು ಹಾಕಿಕೊಂಡು, ಒಂದು ಬದಿಯಿಂದ ಇನ್ನೊಂದು ಬದಿಯವರೆಗೆ ಅಂಗೈ ಆಡಿಸಿ ನೋಡಿದೆ. ಆಯಿಯ ತಗ್ಗನ್ನು ನಾನು ತೆಗೆದಿದ್ದೆ. ಅಜ್ಜ ಅದರ ಮೇಲೆ ಮಲಗದೆ ಇದ್ದುದರಿಂದ ಅವನ ತಗ್ಗೂ ಬಿದ್ದಿರಲಿಲ್ಲ.

ಈಗ ಅದರ ಮೇಲೆ ನನ್ನ ಮಕ್ಕಳು ಜಿಗಿಯುತ್ತಾರೆ, ಉರುಳುತ್ತಾರೆ. ಗಾದಿ ಹಾಳಾಗುತ್ತದೆ, ಬೈಯಿ ಎಂದು ಗಂಡ ಹೇಳುತ್ತಾನೆ. ನಾನು ಬೈಯುವುದಿಲ್ಲ. ಬೈದು ಕಾಯುವಂಥದ್ದು ಅದರಲ್ಲಿ ಏನೂ ಉಳಿದಿಲ್ಲ.